ದೇಶ ಬಿಟ್ಟವರ ಚಳವಳಿಗೆ ಹೊರದೇಶದ ದುಡ್ಡು: ಲೆಕ್ಕ ಕೇಳೋರು ಯಾರು?

ಕೊಪ್ಪಗೇಟ್_ಹುಡುಗ:

ಎಲ್ಲರಿಗೂ ನಮಸ್ಕಾರ. ಪಿರಿಯಾಪಟ್ಟಣ ತಾಲ್ಲೂಕು, ಕೊಪ್ಪದ ಹತ್ತಿರದ ಊರು ನಂದು. ಮೈಸೂರಲ್ಲಿ ರಾಜ್ಯಶಾಸ್ತ್ರ ಎಂ.ಎ. ಓದ್ತಿದ್ದೀನಿ. ಬೈಲಕುಪ್ಪೆಯ ಟಿಬೆಟನ್ ಕ್ಯಾಂಪುಗಳು ನಮ್ಮ ಹೊಲದ ಬದುವಿನ ಮೇಲೆ ನಿಂತರೆ ಕಾಣಿಸ್ತವೆ. ಚಿಕ್ಕಂದಿನಿಂದ ಅವರನ್ನ ನೋಡ್ಕೊಂಡೇ ಬೆಳೆದಿದ್ದೀನಿ. ಆದರೆ ಧರ್ಮಶಾಲಾದಲ್ಲಿರೋ ಅವರ ಆಡಳಿತ ಹೆಂಗೆ ನಡೆಯುತ್ತೆ, ದುಡ್ಡು ಎಲ್ಲಿಂದ ಬರುತ್ತೆ ಅಂತ ಯಾವತ್ತೂ ವಿಚಾರಿಸಿರಲಿಲ್ಲ.

ಈಗ ಯಾಕೆ ಕೇಳ್ತಿದ್ದೀನಿ ಅಂದ್ರೆ, 2025ರ ಜನವರಿ 20ಕ್ಕೆ ಟ್ರಂಪ್ ಅಧಿಕಾರ ವಹಿಸಿಕೊಂಡ ದಿನವೇ ವಿದೇಶಿ ನೆರವನ್ನ 90 ದಿನ ತಡೆಹಿಡಿಯೋ ಆದೇಶಕ್ಕೆ ಸಹಿ ಹಾಕಿದ್ರಲ್ಲ, ಜುಲೈ 1ಕ್ಕೆ ಅವರ ವಿದೇಶಿ ನೆರವಿನ ಸಂಸ್ಥೆ ಯುಎಸ್‌ಏಡ್ ಬಾಗಿಲೇ ಹಾಕಿಬಿಡ್ತಲ್ಲ, ಆ ಮಾತು ಮೊನ್ನೆ ಊರಲ್ಲಿ ಮಾವನ ಹೊಗೆಸೊಪ್ಪಿನ ಬ್ಯಾರನ್ ಹತ್ತಿರ ಬಂತು. ಮಾವ ಒಂದೇ ಏಟಿಗೆ ಮುಗಿಸಿದ್ರು: "ಕೊಟ್ಟೋನು ಅಮೆರಿಕದಲ್ಲಿ, ಈಸ್ಕಂಡೋನು ಧರ್ಮಶಾಲಾದಲ್ಲಿ. ಮಧ್ಯದಲ್ಲಿ ಎಷ್ಟು ಕರಗ್ತೋ ಯಾರು ಕಂಡ್ರು?" ಡಿಗ್ರೀಲಿ ನನ್ನ ಜೊತೆ ಓದಿದ ಕ್ಯಾಂಪಿನ ಗೆಳೆಯ ಪಕ್ಕದಲ್ಲೇ ಕೂತಿದ್ದ. ಮುಖ ಸಣ್ಣಗೆ ಮಾಡ್ಕೊಂಡ, ಮಾತಾಡಲಿಲ್ಲ. ನನಗೂ ಏನು ಹೇಳಬೇಕೋ ತೋಚಲಿಲ್ಲ.

ಇದು ಬರೀ ಟಿಬೆಟನ್ನರ ವಿಷಯ ಅಲ್ಲ. ಬರ್ಮಾ, ಕ್ಯೂಬಾ, ವೆನೆಜುವೆಲಾ, ಬೆಲಾರೂಸ್, ಎಲ್ಲೆಲ್ಲಿಂದ ಜನ ದೇಶ ಬಿಟ್ಟು ಬಂದು ಪ್ರಜಾಪ್ರಭುತ್ವಕ್ಕೆ ಹೋರಾಡ್ತಿದ್ದಾರೋ ಅಲ್ಲೆಲ್ಲ ಹೊರಗಿನವರ ದುಡ್ಡು ಇದ್ದೇ ಇದೆ. ನಮ್ಮ ಸರ್ಕಾರಕ್ಕಾದ್ರೆ ಸಿಎಜಿ, ವಿಧಾನಸಭೆ, ಆರ್‌ಟಿಐ ಇದೆ. ಇವರಿಗೆ ಏನಿದೆ? ಲೆಕ್ಕ ಪೂರ್ತಿ ಬಿಚ್ಚಿಟ್ರೆ ಒಳಗಿರೋರು ಸಿಕ್ಕಿಬೀಳ್ತಾರೆ ಅನ್ನೋದೂ ನಿಜ ತಾನೆ? ಹಂಗಾದ್ರೆ ಎಷ್ಟು ಮುಚ್ಚಿಡಬಹುದು, ಎಷ್ಟು ಮುಚ್ಚಿಡಬಾರದು? ಲೆಕ್ಕಪತ್ರ ಬಲ್ಲವರು ಹೇಳಿ. 'ಎಲ್ಲಾ ಕಳ್ಳರು' ಅನ್ನೋ ಉತ್ತರ ಮಾವನಿಂದ ಆಗಲೇ ಸಿಕ್ಕಿದೆ, ಅದು ಬೇಡ.

ಮದ್ದೂರ್_ವಡೆ:

ನಿಮ್ ಮಾವ್ನೋರು ಸರ್ಯಾಗೇ ಹೇಳವ್ರೆ ಕನಪ್ಪ. ನಮ್ಮೂರಲ್ಲಿ ಒಂದೇ ಚರಂಡಿಗೆ ಎಲ್ಡು ಸಲ ಬಿಲ್ಲಾಗದೆ, ಚರಂಡಿ ಎಲ್ಲದೆ ಅಂತ ನಾವಿನ್ನೂ ಹುಡುಕ್ತಾವಿ. ಕಣ್ಣೆದ್ರುಗಿರೋದೇ ಹಿಂಗಾದ್ರೆ ಸಮುದ್ರ ದಾಟ್ಕೊಂಡು ಬರೋ ದುಡ್ಡಿನ ಕತೆ ಏನ್ ಕೇಳ್ತೀಯ. ಸುಮ್ಕೆ ಪರೀಕ್ಷೆಗೆ ಓದ್ಕೊ ಹೋಗ್ ಮಗ.

ಹಳೇ_ಲೆಕ್ಕಿಗ:

ವಡೆಯವರೇ, ಚರಂಡಿಗೆ ಎರಡು ಸಲ ಬಿಲ್ಲಾಗಿದೆ ಅಂತ ನಿಮಗೆ ತಿಳಿದದ್ದು ಹೇಗೆ? ಎಲ್ಲೋ ಒಂದು ಕಡೆ ಬಿಲ್ಲು ದಾಖಲಾಗಿದೆ, ಯಾರೋ ಪುಣ್ಯಾತ್ಮ ಅದನ್ನು ಓದಿದ್ದಾನೆ, ಅದಕ್ಕೇ ತಾನೆ? ಲೆಕ್ಕ ಬರೆದಿಟ್ಟ ಕಡೆ ಮಾತ್ರ ಕಳ್ಳತನ ಗೊತ್ತಾಗೋದು. ಹಗರಣ ಹೊರಗೆ ಬಿದ್ದ ಚಳವಳಿಗಿಂತ, ಒಂದೇ ಒಂದು ಆಕ್ಷೇಪಣೆ ಇಲ್ಲದ ಚಳವಳಿ ಕಂಡರೆ ನನಗೆ ಜಾಸ್ತಿ ಗುಮಾನಿ.

ಹುಡುಗನಿಗೆ: ನಾನು ಸಹಕಾರ ಸಂಘಗಳ ಲೆಕ್ಕ ಪರಿಶೋಧನೆ ಮಾಡಿಕೊಂಡು ನಿವೃತ್ತನಾದವನು. ಸರ್ವಿಸ್ ಎಲ್ಲ ಹೆಚ್ಚುಕಮ್ಮಿ ಮಂಡ್ಯ ಜಿಲ್ಲೆಯಲ್ಲೇ. ಈಗ ಸರಸ್ವತಿಪುರಂನಲ್ಲಿದ್ದೀನಿ. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಒಂದು ಸುತ್ತು, ಮಧ್ಯಾಹ್ನ ಯಾವುದೋ ದೇಶದ ಆಡಿಟ್ ವರದಿ. ಮೊಮ್ಮಕ್ಕಳು ಸೀರಿಯಲ್ ನೋಡೋ ಹಾಗೆ ನಾನು ಇದನ್ನು ನೋಡ್ತೀನಿ, ಮನೆಯವರು ಹುಚ್ಚು ಅಂತಾರೆ. ಈ ವಿಷಯದಲ್ಲಿ ಓದಲೇಬೇಕಾದ ವರದಿ ಒಂದಿದೆ. ಅಮೆರಿಕದ ಸಂಸತ್ತಿನ ಕೈಕೆಳಗೆ ಜಿಎಒ ಅಂತ ಲೆಕ್ಕ ಪರಿಶೋಧನಾ ಕಚೇರಿ ಇದೆ, ನಮ್ಮ ಸಿಎಜಿ ಇದ್ದ ಹಾಗೆ. ಕ್ಯೂಬಾದಲ್ಲಿ ಪ್ರಜಾಪ್ರಭುತ್ವ ತರೋದಕ್ಕೆ ಅಂತ 1996ರಿಂದ 2005ರವರೆಗೆ ಅಮೆರಿಕ ಸರ್ಕಾರ ಕೊಟ್ಟ 7 ಕೋಟಿ ಡಾಲರಿಗೂ ಮೀರಿದ ಹಣ ಏನಾಯ್ತು ಅಂತ 2006ರ ನವೆಂಬರಿನಲ್ಲಿ ಅವರು ವರದಿ ಕೊಟ್ಟರು. ಅದರಲ್ಲಿ ಯುಎಸ್‌ಏಡ್ ಕೊಟ್ಟದ್ದು ಬಹುಪಾಲು ಟೆಂಡರ್ ಕರೆಯದೆ, ಅರ್ಜಿ ತಂದುಕೊಟ್ಟವರಿಗೆ ನೇರವಾಗಿ. ಹಣ ತಲುಪಿದ್ದು ಮುಖ್ಯವಾಗಿ ಮಯಾಮಿ, ವಾಷಿಂಗ್ಟನ್ ಕಡೆಯ ಸಂಸ್ಥೆಗಳಿಗೆ. 10 ಸಂಸ್ಥೆಗಳ ಪುಸ್ತಕ ತೆರೆಸಿ ನೋಡಿದಾಗ 3ರಲ್ಲಿ ಪ್ರಶ್ನಾರ್ಹ ಖರ್ಚು ಸಿಕ್ಕಿತು. ಏನೇನು ಗೊತ್ತೇನಪ್ಪ? ವಿಡಿಯೋ ಗೇಮ್ ಯಂತ್ರ, ಚರ್ಮದ ಕೋಟು, ಕ್ಯಾಶ್ಮೀರ್ ಸ್ವೆಟರ್, ಏಡಿ ಮಾಂಸದ ಡಬ್ಬಿ, ದುಬಾರಿ ಗೊಡೈವಾ ಚಾಕಲೇಟ್, ಕೊನೆಗೆ ಮರ ಕೊಯ್ಯೋ ಯಂತ್ರದ ಗರಗಸ. ದ್ವೀಪದೊಳಗಿನ ಹಸಿದ ಜನಕ್ಕೆ ಚಾಕಲೇಟ್ ಸಿಗಲ್ಲ, ಅದಕ್ಕೇ ಕಳಿಸಿದ್ವಿ ಅಂತ ಸಮರ್ಥನೆಯೂ ಬಂತು. ಇರಬಹುದು. ಜೈಲಿನಿಂದ ಬಿಡುಗಡೆ ಆದವನ ಮನೆಗೆ ಒಂದು ಪೊಟ್ಟಣ ಚಾಕಲೇಟ್ ಹೋದರೆ ನಾನೇನೂ ಆಕ್ಷೇಪಣೆ ಬರೆಯೋನಲ್ಲ. ಆದರೆ ಗರಗಸ? ಯಾವ ಸರ್ವಾಧಿಕಾರಿಯ ಕುರ್ಚಿ ಕಾಲು ಕೊಯ್ಯೋದಕ್ಕೆ?

ತಮಾಷೆ ಹಾಗಿರಲಿ. ಸ್ವೆಟರ್ ಕೊಂಡದ್ದಕ್ಕಿಂತ ದೊಡ್ಡ ತಪ್ಪು ಆ ವರದಿಯಲ್ಲಿ ಬೇರೆ ಇದೆ. ಕೊಟ್ಟವರೇ ಸರಿಯಾಗಿ ಕೇಳಿರಲಿಲ್ಲ. ತನಿಖೆಗೆ ಹೋಗೋರು ಕಡಿಮೆ, ಕಳಿಸಿದ ವಸ್ತು ಯಾರ ಕೈ ಸೇರಿತು ಅಂತ ಕ್ಯೂಬಾದೊಳಗೆ ಹೋಗಿ ನೋಡೋ ಹಾಗಿಲ್ಲ, ವಾಷಿಂಗ್ಟನ್ನಿನಲ್ಲಿ ಈ ಹಣ ಕೊಡೋದೇ ರಾಜಕೀಯ ಹೇಳಿಕೆ. ಕೊಟ್ಟೆವು ಅಂತ ಸಾರಿದರೆ ಸಾಕು, ಮುಟ್ಟಿತಾ ಅಂತ ಕೇಳೋ ಗರಜು ಯಾರಿಗೂ ಇಲ್ಲ.

ಇನ್ನೊಂದು ಉದಾಹರಣೆ ಇರಾಕಿನದು, ಅದು ತಮಾಷೆಯದಲ್ಲ. ಸದ್ದಾಂ ವಿರುದ್ಧ ಹೊರಗಡೆ ಕಟ್ಟಿದ ಇರಾಕಿ ನ್ಯಾಷನಲ್ ಕಾಂಗ್ರೆಸ್, ನಾಯಕರು ಅಹ್ಮದ್ ಚಲಬಿ. 2000ದ ಮಾರ್ಚಿನಿಂದ 2003ರ ಸೆಪ್ಟೆಂಬರ್ ವರೆಗೆ ಅಮೆರಿಕದ ವಿದೇಶಾಂಗ ಇಲಾಖೆ ಅವರಿಗೆ ಕೊಟ್ಟದ್ದು 3.3 ಕೋಟಿ ಡಾಲರಿನ ಹತ್ತಿರ ಹತ್ತಿರ. 2001ರಲ್ಲಿ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಪುಸ್ತಕ ನೋಡಿದಾಗ 20 ಲಕ್ಷ ಡಾಲರಿಗೂ ಹೆಚ್ಚಿನ ಖರ್ಚಿಗೆ ಆಕ್ಷೇಪಣೆ. ವೋಚರ್ ಇಲ್ಲ, ನಗದು ಯಾರಿಗೆ ಕೊಟ್ಟರೋ ಸಹಿ ಇಲ್ಲ. ಮಾಹಿತಿ ಸಂಗ್ರಹ ಅನ್ನೋ ಬಾಬ್ತಿನ ಲೆಕ್ಕ ಬಿಚ್ಚಲಿಕ್ಕೆ ಅವರು ಒಪ್ಪಲಿಲ್ಲ, ಒಳಗಿನವರ ಜೀವಕ್ಕೆ ಅಪಾಯ ಅಂದರು. ವಿದೇಶಾಂಗ ಇಲಾಖೆ ಆ ಬಾಬ್ತಿಗೆ ಕೈ ಬಿಗಿ ಮಾಡಿತು. ಆಮೇಲೆ ಏನಾಗಬೇಕು? 2002ರಲ್ಲಿ ಅದೇ ಬಾಬ್ತನ್ನು ರಕ್ಷಣಾ ಇಲಾಖೆಯ ಗುಪ್ತಚರ ಸಂಸ್ಥೆ ವಹಿಸಿಕೊಂಡಿತು! ಒಬ್ಬ ಆಡಿಟರ್ ಆಕ್ಷೇಪಣೆ ಎತ್ತಿದ್ದಕ್ಕೆ ಫೈಲು ಬೇರೆ ಕಚೇರಿಗೆ ವರ್ಗ. ಆ ಸಂಘಟನೆ ಒದಗಿಸಿದ 'ಪಕ್ಷಾಂತರಿಗಳು' ಹೇಳಿದ ಸಾಮೂಹಿಕ ವಿನಾಶದ ಅಸ್ತ್ರಗಳ ಕತೆ ಟೊಳ್ಳು ಅಂತ 2003ರ ಯುದ್ಧ ಆದ ಮೇಲೆ ತಿಳಿಯಿತು. ವೋಚರ್ ಇಲ್ಲದ ಕಡೆ ಮಾಹಿತಿಗೂ ಆಧಾರ ಇರಲ್ಲ ಅನ್ನೋದು ನನ್ನ ಅನುಭವ. ನೋಟು ಎಣಿಸದವನು ಮಾತನ್ನೂ ತೂಗಲ್ಲ.

ಈಗ ನಿನ್ನ ಪ್ರಶ್ನೆಯ ಬುಡಕ್ಕೆ ಬರ್ತೀನಿ. ಹಳ್ಳಿ ಡೇರಿಗೆ ಹಾಲು ಹಾಕೋ ಹೆಂಗಸು ಫ್ಯಾಟ್ ಚೀಟಿ ಕೈಗೆ ಬರೋತನಕ ಜಾಗ ಬಿಟ್ಟು ಕದಲಲ್ಲ. ಯಾಕೆಂದರೆ ಹಾಲು ಅವಳದು. ಅದೇ ಡೇರಿಗೆ ಎಲ್ಲಿಂದಲೋ ಟ್ಯಾಂಕರಿನಲ್ಲಿ ಪುಕ್ಕಟೆ ಹಾಲು ಬಂದು ಸುರೀತಿದ್ದರೆ ಚೀಟಿ ಕೇಳೋರು ಯಾರು, ಸೆಕ್ರೆಟರಿ ಯಾರಿಗೆ ಹೆದರಬೇಕು? ಹೊರದೇಶದ ದುಡ್ಡಿನ ಮೂಲ ತೊಂದರೆ ಇಷ್ಟೇ. ನಾಯಕರು ವರದಿ ಕೊಡೋದು ಕೊಟ್ಟವರಿಗೆ. ಯಾರ ಹೆಸರಲ್ಲಿ ಹಣ ಬಂತೋ ಆ ಜನಕ್ಕೆ ಲೆಕ್ಕ ಕೇಳೋ ಹಕ್ಕೂ ಇಲ್ಲ, ಕೇಳಬೇಕು ಅನ್ನೋ ಅಭ್ಯಾಸವೂ ಬೆಳೆಯಲ್ಲ. ಆದ್ದರಿಂದ ಯಾವುದೇ ದೇಶಭ್ರಷ್ಟ ಚಳವಳಿಯ ಬಗ್ಗೆ ನಾನು ಮೊದಲು ನೋಡೋದು, ಅವರ ಸ್ವಂತ ಜನ ಒಂದು ರೂಪಾಯಿಯಾದರೂ ಹಾಕ್ತಾರಾ, ಹಾಕಿ ಪ್ರಶ್ನೆ ಕೇಳೋದಕ್ಕೆ ಒಂದು ಜಾಗ ಇದೆಯಾ ಅಂತ.

ಈ ವಿಷಯದಲ್ಲಿ ನಿಮ್ಮ ಪಕ್ಕದ ಬೈಲಕುಪ್ಪೆಯವರು ಬೇರೆ ಬಹಳ ಜನಕ್ಕಿಂತ ಮುಂದಿದ್ದಾರೆ, ನಿಮ್ಮ ಮಾವನವರಿಗೆ ಅದನ್ನು ಹೇಳು. 1991ರಲ್ಲಿ ಅವರದೇ ಸಂವಿಧಾನದಂಥ ಚಾರ್ಟರ್ ಆಯ್ತು. ಅದರಲ್ಲಿ ಚುನಾವಣಾ ಆಯೋಗ, ಲೋಕಸೇವಾ ಆಯೋಗದ ಜೊತೆಗೆ ಮಹಾಲೆಕ್ಕಪರಿಶೋಧಕರ ಕಚೇರಿಯೂ ಸ್ವತಂತ್ರ ಸಂಸ್ಥೆ. ಭಾರತ ಅವರ ಆಡಳಿತವನ್ನು ಸರ್ಕಾರ ಅಂತ ಮಾನ್ಯ ಮಾಡಿಲ್ಲ, ಹಾಗಾಗಿ ನಮ್ಮ ಸಿಎಜಿ ಅಲ್ಲಿಗೆ ಹೋಗೋ ಪ್ರಶ್ನೆ ಇಲ್ಲ. ಅವರೇ ಮಾಡಿಕೊಳ್ಳಬೇಕು, ಮಾಡಿಕೊಂಡಿದ್ದಾರೆ.

ಹಾಗಂತ ಮೊದಲಿಂದಲೂ ಹೀಗಿತ್ತು ಅಂತಲ್ಲ. 1960ರ ದಶಕದಲ್ಲಿ ಸಿಐಎ ಟಿಬೆಟನ್ ಹೋರಾಟಕ್ಕೆ ವರ್ಷಕ್ಕೆ 17 ಲಕ್ಷ ಡಾಲರ್ ಕೊಡ್ತಿತ್ತು, ಅದರಲ್ಲಿ 1.8 ಲಕ್ಷ ದಲೈ ಲಾಮಾ ಅವರ ಹೆಸರಿನ ಬಾಬ್ತು. ಅದನ್ನು ಧರ್ಮಶಾಲಾ ಬಹಿರಂಗವಾಗಿ ಒಪ್ಪಿಕೊಂಡದ್ದು 1998ರಲ್ಲಿ, ಅಮೆರಿಕದ ಗುಪ್ತ ಕಡತಗಳು ಹೊರಬಂದ ಮೇಲೆ. ಹಣ ಗೆರಿಲ್ಲಾ ತರಬೇತಿಗೆ, ನ್ಯೂಯಾರ್ಕ್ ಮತ್ತು ಜಿನೀವಾ ಕಚೇರಿಗಳಿಗೆ ಖರ್ಚಾಯ್ತು ಅಂದರು. ಆಗ ಬೈಲಕುಪ್ಪೆಯಲ್ಲಿ ಕಾಡು ಕಡಿದು ಜೋಳ ಬಿತ್ತುತ್ತಿದ್ದ ಸಾಮಾನ್ಯ ಟಿಬೆಟನ್ನನಿಗೆ ತನ್ನ ಹೆಸರಲ್ಲಿ ಅಂಥ ಹಣ ಬಂದದ್ದು ತಿಳಿಯೋ ದಾರಿಯೇ ಇರಲಿಲ್ಲ. ಈಗ ನೋಡು: 2018ರ ಸಾಲಿಗೆ ಟ್ರಂಪ್ ಸರ್ಕಾರ ಟಿಬೆಟ್ ಬಾಬ್ತಿಗೆ ಸೊನ್ನೆ ಸೂಚಿಸಿದಾಗ, ಅಮೆರಿಕದ ಸಂಸತ್ತು ಕಾನೂನಿನಲ್ಲೇ ಬರೆದು ಕೊಟ್ಟಿತು, ಟಿಬೆಟ್ ಒಳಗಿನ ಸಮುದಾಯಗಳಿಗೆ 80 ಲಕ್ಷ ಡಾಲರ್, ಭಾರತ ಮತ್ತು ನೇಪಾಳದಲ್ಲಿರೋ ಟಿಬೆಟನ್ನರಿಗೆ 60 ಲಕ್ಷ, ಆಡಳಿತ ಸಾಮರ್ಥ್ಯಕ್ಕೆ 30 ಲಕ್ಷ. ಮೈಸೂರಲ್ಲಿ ಕೂತು ನಾನು ಓದಬಹುದು. ಬೀಜಿಂಗಿನಲ್ಲಿ ಕೂತವರೂ ಓದ್ತಾರೆ. ಅದರಿಂದ ಆಕಾಶ ಕಳಚಿ ಬಿದ್ದಿಲ್ಲ.

ನಜರ್‌ಬಾದ್_ನಿವಾಸಿ:

ಲೆಕ್ಕಿಗ ಸರ್, ನಿಮ್ಮ ಬರಹ ಇಷ್ಟವಾಯ್ತು, ಆದರೆ ಒಂದು ತಕರಾರು ಇದೆ. ನಾನು ಇಲ್ಲೇ ಒಂದು ಸಣ್ಣ ಸಂಸ್ಥೆಯಲ್ಲಿ ಅಕೌಂಟ್ಸ್ ನೋಡ್ಕೋತೀನಿ, ಹೊರದೇಶದ ದೇಣಿಗೆ ಇರೋ ಸಂಸ್ಥೆ. ಲೆಕ್ಕ ಕೊಡೋರ ಕಷ್ಟ ಲೆಕ್ಕ ಕೇಳೋರಿಗೆ ಪೂರ್ತಿ ಗೊತ್ತಾಗಲ್ಲ.

ಭಾರತದೊಳಗೆ ಯಾರೇ ಸಂಘ ಸಂಸ್ಥೆ ಹೊರದೇಶದ ದೇಣಿಗೆ ತಗೋಬೇಕಂದ್ರೆ ಎಫ್‌ಸಿಆರ್‌ಎ ಕಾನೂನು, 2010ರದು. 2020ರ ತಿದ್ದುಪಡಿ ಬಂದ ಮೇಲೆ ಹಣ ದೆಹಲಿಯ ಸಂಸದ್ ಮಾರ್ಗದ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಮೊದಲು ಬರಬೇಕು. ಆಡಳಿತ ವೆಚ್ಚ ಶೇ 50ರವರೆಗೆ ಇದ್ದದ್ದು ಶೇ 20ಕ್ಕೆ ಇಳೀತು. ಬಂದ ಹಣವನ್ನ ಇನ್ನೊಂದು ಸಂಸ್ಥೆಗೆ ದಾಟಿಸೋ ಹಾಗಿಲ್ಲ. ಕೇಳೋಕೆ ಚೆನ್ನಾಗಿದೆ. ಆದರೆ ಆಡಿಟ್ ಫೀಸು, ಲೆಕ್ಕ ಬರೆಯೋ ನನ್ನ ಸಂಬಳ, ಕಚೇರಿ ಬಾಡಿಗೆ ಎಲ್ಲಾ ಆ ಶೇ 20ರಲ್ಲೇ ಬರಬೇಕು. ಲೆಕ್ಕ ಸರಿಯಾಗಿ ಇಡಿ ಅನ್ನೋರು ಲೆಕ್ಕ ಇಡೋಕೆ ಬೇಕಾದ ಖರ್ಚನ್ನೇ ಕಡಿಮೆ ಮಾಡ್ತಾರೆ.

ಇನ್ನೊಂದು ವಿಷಯ. ನಾವು ವರ್ಷಾ ವರ್ಷ ಡಿಸೆಂಬರ್ 31ರೊಳಗೆ ಎಫ್‌ಸಿ-4 ರಿಟರ್ನ್ ಸಲ್ಲಿಸ್ತೀವಿ. ಮೊದಲು ಯಾರು ಬೇಕಾದ್ರೂ ಗೃಹ ಸಚಿವಾಲಯದ ವೆಬ್‌ಸೈಟಿನಲ್ಲಿ ನೋಡಬಹುದಿತ್ತು. 2022ರ ಜುಲೈನಲ್ಲಿ ಅಲ್ಲಿಂದ ಸಂಸ್ಥೆಗಳ ವಾರ್ಷಿಕ ರಿಟರ್ನ್‌ಗಳನ್ನ ತೆಗೆದುಹಾಕಿದ್ರು. ಅಂದ್ರೆ ಸರ್ಕಾರಕ್ಕೆ ಎಲ್ಲಾ ಕಾಣುತ್ತೆ, ಜನಕ್ಕೆ ಕಾಣಲ್ಲ. ಇದನ್ನ ಪಾರದರ್ಶಕತೆ ಅಂತಾರಾ ಸರ್?

ಬರ್ಮಾದವರ ಕತೆ ಇನ್ನೂ ಕಷ್ಟ. 2021ರ ಫೆಬ್ರವರಿ 1ಕ್ಕೆ ಸೇನೆ ಅಧಿಕಾರ ಕಿತ್ತುಕೊಂಡ ಮೇಲೆ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಏಕತಾ ಸರ್ಕಾರ ಅಂತ ಕಟ್ಟಿಕೊಂಡ್ರು. ಮೇ ತಿಂಗಳಲ್ಲಿ ಸೇನೆ ಅದನ್ನ ಭಯೋತ್ಪಾದಕ ಸಂಘಟನೆ ಅಂತ ಘೋಷಿಸ್ತು. ಅಂದಮೇಲೆ ಅವರಿಂದ ಔಷಧಿಗೆ ದುಡ್ಡು ಪಡೆದ ಹಳ್ಳಿಯ ನರ್ಸ್ ಒಬ್ಬಳು ರಸೀದಿಗೆ ಸಹಿ ಹಾಕಿದ್ರೆ, ಆ ರಸೀದಿ ಚೆಕ್‌ಪೋಸ್ಟಿನಲ್ಲಿ ಸಿಕ್ಕಿದ್ರೆ, ಅದೇ ಅವಳ ಮೇಲಿನ ಸಾಕ್ಷಿ. ಥಾಯ್ಲೆಂಡ್ ಗಡಿಯ ಮೇ ಸೋಟ್‌ನಿಂದ ಒಳಗೆ ನಗದು ಒಯ್ಯೋರಿಗೆ 'ಜಿಎಸ್‌ಟಿ ಬಿಲ್ ತನ್ನಿ' ಅನ್ನೋಕಾಗುತ್ತಾ? ವೋಚರ್ ಇಲ್ಲ ಅಂದ್ರೆ ಕಳ್ಳ ಅನ್ನೋದು ಮಂಡ್ಯದ ಸಹಕಾರ ಸಂಘಕ್ಕೆ ಸರಿ ಸರ್, ಅಲ್ಲಿಗೆ ಸರಿಯಲ್ಲ.

ನಾಲ್ಕನೇ_ಕ್ಯಾಂಪ್:

ನಾನು ಬೈಲಕುಪ್ಪೆಯವಳೇ. ಹುಟ್ಟಿದ್ದು, ಓದಿದ್ದು ಇಲ್ಲೇ. ಕನ್ನಡ ತಪ್ಪಿದ್ರೆ ಕ್ಷಮಿಸಿ.

ಅಂಕಲ್ ಹೇಳಿದ ಹಾಲಿನ ಮಾತು ನಮಗೆ ಚೆನ್ನಾಗಿ ಅರ್ಥ ಆಗುತ್ತೆ. ನಮ್ಮಲ್ಲಿ 1972ರಿಂದ ಹಸಿರು ಪುಸ್ತಕ ಇದೆ. ಪ್ರತಿಯೊಬ್ಬ ಟಿಬೆಟನ್ ವರ್ಷಕ್ಕೆ 'ಛಾತ್ರೆಲ್' ಅನ್ನೋ ವಂತಿಗೆ ಕಟ್ಟಿ ಪುಸ್ತಕದಲ್ಲಿ ಗುರುತು ಹಾಕಿಸ್ತಾರೆ. ಭಾರತದಲ್ಲಿರೋರಿಗೆ ಅದು ತುಂಬಾ ಕಡಿಮೆ ಮೊತ್ತ, ಆದರೆ ಅದು ಕಟ್ಟದೇ ಇದ್ರೆ ಓಟು ಹಾಕೋಕಾಗಲ್ಲ. ನಮ್ಮ ಅಜ್ಜಿ ಸ್ವೆಟರ್ ವ್ಯಾಪಾರ ಬಿದ್ದುಹೋದ ವರ್ಷ ಕೂಡ ಕಟ್ಟಿದ್ದಾರೆ. ಕಟ್ಟಿದ್ದಕ್ಕೇ ಬೈಯೋ ಹಕ್ಕೂ ಇದೆ ಅಂತಾರೆ, ಬೈತಾರೆ ಕೂಡ.

ಧರ್ಮಶಾಲಾದ ಸಂಸತ್ತಿನಲ್ಲಿ 45 ಸದಸ್ಯರು. ಮಾರ್ಚ್ ತಿಂಗಳಲ್ಲಿ ಬಜೆಟ್ ಅಧಿವೇಶನ, ನಾವು ಮೊಬೈಲಿನಲ್ಲೇ ನೇರ ನೋಡ್ತೀವಿ. ನಾನು ಗಮನಿಸಿದ್ದು ಒಂದಿದೆ. ಸದಸ್ಯರು ಸಣ್ಣ ಸಣ್ಣ ಖರ್ಚಿಗೆ, ಪ್ರಯಾಣ ಭತ್ಯೆ ಅಂಥದಕ್ಕೆ, ಗಂಟೆಗಟ್ಟಲೆ ಜಗಳ ಆಡ್ತಾರೆ. ದೊಡ್ಡ ಯೋಜನೆಯ ಹಣ ಬಂದಾಗ ಅಷ್ಟು ಬಿಸಿ ಇರಲ್ಲ. ಅದು ಕೊಟ್ಟವರ ಷರತ್ತಿನ ಪ್ರಕಾರ ನಡೀತಿದೆ, ವರದಿ ಅವರಿಗೆ ಹೋಗುತ್ತೆ ಅಂತ ಎಲ್ಲರೂ ಅಂದ್ಕೊಂಡಿರ್ತಾರೆ. ಅಂಕಲ್ ಟ್ಯಾಂಕರ್ ಹಾಲು ಅಂದ್ರಲ್ಲ, ಅದು ಇದೇ ಇರಬೇಕು.

ಆದರೆ ನಮ್ಮ ನ್ಯಾಯ ಆಯೋಗ ಸುಮ್ಮನೆ ಹೆಸರಿಗೆ ಇರೋದಲ್ಲ. 2017ರಲ್ಲಿ ಆಗಿನ ಸಚಿವ ಸಂಪುಟ ವಾಷಿಂಗ್ಟನ್ ಪ್ರತಿನಿಧಿಯಾಗಿದ್ದ ಪೆನ್ಪಾ ತ್ಸೆರಿಂಗ್ ಅವರನ್ನ ತೆಗೆದುಹಾಕಿ, ಕಾರಣಗಳನ್ನ ಬಹಿರಂಗವಾಗಿ ಹೇಳಿತ್ತು. ಅವರು ಕೇಸ್ ಹಾಕಿದ್ರು. 2019ರಲ್ಲಿ ಆಯೋಗ ಸಂಪುಟದ ವಿರುದ್ಧವೇ ತೀರ್ಪು ಕೊಟ್ಟಿತು. 2021ರ ಚುನಾವಣೇಲಿ ಅವರೇ ಗೆದ್ದು ಸಿಕ್ಯೋಂಗ್, ಅಂದ್ರೆ ನಮ್ಮ ಆಡಳಿತದ ಮುಖ್ಯಸ್ಥರು, ಆದ್ರು. ಜೈಲಿಲ್ಲ, ಪೊಲೀಸಿಲ್ಲ, ಆದರೂ ಸಂಪುಟ ತೀರ್ಪಿಗೆ ತಲೆಬಾಗಬೇಕಾಯ್ತು.

ಇನ್ನು ಮಾವನೋರಿಗೆ: ದುಡ್ಡು ಅಮೆರಿಕದ್ದು ಮಾತ್ರ ಅಲ್ಲ. ಭಾರತ ಸರ್ಕಾರ 2015-16ರಿಂದ 5 ವರ್ಷಕ್ಕೆ 40 ಕೋಟಿ ರೂಪಾಯಿ, ಅಂದ್ರೆ ವರ್ಷಕ್ಕೆ 8 ಕೋಟಿ, ಎಲ್ಲಾ ವಸತಿ ನೆಲೆಗಳ ಆಡಳಿತ ಖರ್ಚಿಗೆ ಕೊಟ್ಟಿತು, ಆಮೇಲೂ ಮುಂದುವರಿಸಿತು. ಮೊದಲ ಕ್ಯಾಂಪು ಕಟ್ಟಿದ್ದೇ ಆಗಿನ ಮೈಸೂರು ರಾಜ್ಯ ಕೊಟ್ಟ ಸುಮಾರು 3,000 ಎಕರೆ ಜಾಗದಲ್ಲಿ. ಹಾಗಾಗಿ ಅವರೂ ಲೆಕ್ಕ ಕೇಳಬಹುದು, ನಮಗೇನೂ ಬೇಜಾರಿಲ್ಲ. 'ಕರಗ್ತು' ಅಂತ ಹೇಳೋಕೆ ಮುಂಚೆ ಕೇಳಲಿ ಅಷ್ಟೇ.

ಮದ್ದೂರ್_ವಡೆ:

ತಾಯಿ, ನಿಮ್ ಅಜ್ಜಿನ ನಮ್ ಪಂಚಾಯ್ತಿಗೆ ಒಂದಿನ ಕಳ್ಸಿ ಕೊಡಿ, ಅವ್ರೇ ಬೇಕು ನಮಗೆ.

ಆದ್ರೂ ಲೆಕ್ಕಿಗರೇ, ನಮ್ ಸ್ವಾತಂತ್ರ್ಯ ಹೋರಾಟ್ದಲ್ಲಿ ಯಾರೂ ಹಿಂಗೆ ಹೊರ್ಗಿನೋರ ಮುಂದೆ ಕೈ ಚಾಚ್ನಿಲ್ಲ ಅಲ್ವಾ? ಶಿವಪುರದಲ್ಲಿ 1938ರಲ್ಲಿ ಬಾವುಟ ಹಾರ್ಸೋಕೆ ಯಾವ ಡಾಲರ್ ಬಂದಿತ್ತು?

ಹಳೇ_ಲೆಕ್ಕಿಗ:

ಶಿವಪುರಕ್ಕೆ ಡಾಲರ್ ಬೇಕಿರಲಿಲ್ಲ ಒಪ್ಪಿದೆ. ಊರೊಳಗೆ ನಿಂತು ಹೋರಾಡೋನಿಗೆ ಸುತ್ತಮುತ್ತಲ ಹಳ್ಳಿಯ ರಾಗಿ, ಬೆಲ್ಲ ಸಾಕು. ದೇಶದ ಹೊರಗೆ ನಿಂತವನ ಪಾಡು ಬೇರೆ. 1943ರ ಅಕ್ಟೋಬರ್ 21ಕ್ಕೆ ಸಿಂಗಪುರದಲ್ಲಿ ನೇತಾಜಿ ಆಜಾದ್ ಹಿಂದ್ ಸರ್ಕಾರ ಘೋಷಿಸಿದರಲ್ಲ, ಅದೂ ದೇಶದ ಹೊರಗಿನ ಸರ್ಕಾರವೇ. ಜಪಾನಿನ ಬೆಂಬಲ ಇತ್ತು, ಮಲಯ, ಬರ್ಮಾದ ಭಾರತೀಯರು ಮೈಮೇಲಿನ ಒಡವೆ ಬಿಚ್ಚಿ ಕೊಟ್ಟಿದ್ದರು, 1944ರಲ್ಲಿ ರಂಗೂನಿನಲ್ಲಿ ಸ್ವಂತ ಬ್ಯಾಂಕೇ ತೆರೆದರು. 1945ರ ಆಗಸ್ಟಿನ ಗಲಿಬಿಲಿಯಲ್ಲಿ ಆ ಚಿನ್ನ ಎಲ್ಲಿಗೆ ಹೋಯ್ತು? ಸುಟ್ಟು ಕರಕಲಾದ ಸುಮಾರು 11 ಕೆ.ಜಿ. ಒಡವೆ 1952ರಲ್ಲಿ ಟೋಕಿಯೋದಿಂದ ದೆಹಲಿಗೆ ಬಂತು. ಉಳಿದದ್ದರ ಬಗ್ಗೆ ಜಗಳ ಇನ್ನೂ ಮುಗಿದಿಲ್ಲ. ಸರ್ಕಾರ ಕಡತ ಬಿಚ್ಚಿದ್ದು 2016ರ ಜನವರಿ 23ಕ್ಕೆ, ಎಪ್ಪತ್ತು ವರ್ಷ ಕಳೆದ ಮೇಲೆ. ಬಳೆ ಬಿಚ್ಚಿಕೊಟ್ಟ ಹೆಂಗಸರಲ್ಲಿ ಅಷ್ಟು ಹೊತ್ತಿಗೆ ಎಷ್ಟು ಜನ ಉಳಿದಿದ್ದರೋ.

ನಜರ್‌ಬಾದಿನ ಅಮ್ಮಾವ್ರಿಗೆ: ನೀವು ಹೇಳಿದ ಎಫ್‌ಸಿಆರ್‌ಎ ಮಾತು ಪೂರ್ತಿ ಒಪ್ಪಿಗೆ. ಸರ್ಕಾರದ ಕಣ್ಣಿಗೆ ಮಾತ್ರ ಬೀಳೋ ಲೆಕ್ಕ ನಿಗಾ ಆಯ್ತೇ ಹೊರತು ಪಾರದರ್ಶಕತೆ ಆಗಲಿಲ್ಲ. ರಸೀದಿಯ ಅಪಾಯವೂ ನಿಜ. ಬರ್ಮಾದ ನರ್ಸಿನ ಸಹಿ ನನಗೆ ಬೇಡವೇ ಬೇಡ. ಆದರೆ ಅವಳ ಹೆಸರು ಹೇಳಿಕೊಂಡು ಬ್ಯಾಂಕಾಕಿನ ಬಾಡಿಗೆ, ವಿಮಾನದ ಟಿಕೆಟ್ಟು, ಕನ್ಸಲ್ಟೆಂಟಿನ ಫೀಸು ಮುಚ್ಚಿಡೋದಿದೆಯಲ್ಲ, ನಾನು ಜಗಳ ತೆಗೆಯೋದು ಅಲ್ಲಿ. ವೆನೆಜುವೆಲಾ ನೋಡಿ. 2019ರಲ್ಲಿ ಸೇನೆ ಬಿಟ್ಟು ಗಡಿ ದಾಟಿ ಕೊಲಂಬಿಯಾದ ಕೂಕುಟಾಕ್ಕೆ ಬಂದ ಸೈನಿಕರನ್ನು ಹೋಟೆಲಿನಲ್ಲಿಟ್ಟು ನೋಡಿಕೊಳ್ಳೋಕೆ ಅಂತ ಇದ್ದ ಹಣವನ್ನು, ಮಧ್ಯಂತರ ಅಧ್ಯಕ್ಷ ಅಂತ ಘೋಷಿಸಿಕೊಂಡಿದ್ದ ವಿರೋಧ ಪಕ್ಷದ ನಾಯಕ ಗ್ವಾಯ್ಡೊ ಅವರ ಪ್ರತಿನಿಧಿಗಳು ಮೋಜಿಗೆ ಬಳಸಿದರು ಅನ್ನೋ ಆರೋಪ ಜೂನ್‌ನಲ್ಲಿ ಪತ್ರಿಕೆಯಲ್ಲಿ ಬಂತು. ಗ್ವಾಯ್ಡೊ ಆ ಪ್ರತಿನಿಧಿಗಳನ್ನು ಕೆಲಸದಿಂದ ತೆಗೆದು ತನಿಖೆ ಕೇಳಿದರು. ಅದು ಕೂಕುಟಾದಲ್ಲಿ, ಅವರು ಹೇಳಿಕೊಳ್ಳೋ ಅಪಾಯದ ದೇಶದ ಹೊರಗೆ, ಹೋಟೆಲ್ ಬಿಲ್ ಸಿಗೋ ಊರಲ್ಲಿ. 2022ರ ಡಿಸೆಂಬರಿನಲ್ಲಿ ಅವರ ಜೊತೆಗಿದ್ದ ಬೇರೆ ವಿರೋಧ ಪಕ್ಷಗಳವರೇ ಆ ಮಧ್ಯಂತರ ಸರ್ಕಾರವನ್ನೇ ಓಟು ಹಾಕಿ ಮುಚ್ಚಿದರು. ಅದಕ್ಕೆ ಕಾರಣ ಬೇರೆಯೂ ಇದ್ದವು, ಆದರೆ ಹಣದ ಅಪನಂಬಿಕೆ ಒಳಗೊಳಗೇ ಕೊರೆದಿತ್ತು.

ಕೊಪ್ಪಗೇಟ್_ಹುಡುಗ:

ಇಷ್ಟೆಲ್ಲ ಬರೆದದ್ದಕ್ಕೆ ಎಲ್ಲರಿಗೂ ಥ್ಯಾಂಕ್ಸ್. ನಾಲ್ಕನೇ ಕ್ಯಾಂಪಿನ ಅಕ್ಕನ ಮಾತನ್ನ ಮಾವನಿಗೆ ಓದಿ ಹೇಳಿದೆ. ನಮ್ಮ ತೆರಿಗೆ ದುಡ್ಡೂ ಹೋಗುತ್ತೆ ಅಂದ ತಕ್ಷಣ ಕಿವಿ ನೆಟ್ಟಗಾಯ್ತು, ಬೇರೆ ತರ ಪ್ರಶ್ನೆ ಶುರು ಮಾಡಿದ್ದಾರೆ.

ಲೆಕ್ಕಿಗ ಸರ್, ಒಂದೇ ಒಂದು ಉಳೀತು. ಹೆಸರು ಮುಚ್ಚಿಡಬೇಕು ಅಂದ್ರಿ. ಯಾರಿಗೂ ಕಾಣದ ಹಾಗೆ ಮುಚ್ಚಿದ್ರೆ ಇಲ್ಲದ ಹೆಸರನ್ನೂ ಸೇರಿಸಬಹುದಲ್ಲ? ನಮ್ಮಲ್ಲಿ ಮಸ್ಟರ್ ರೋಲಿನಲ್ಲಿ ಸತ್ತವರ ಹೆಸರಿರಲ್ವಾ, ಹಂಗೆ.

ಹಳೇ_ಲೆಕ್ಕಿಗ:

ಸರಿಯಾದ ಕಡೆ ಕೈ ಇಟ್ಟೆ. ಯಾರಿಗೂ ಕಾಣದ ಹಾಗೆ ಅಂತ ನಾನು ಹೇಳಲ್ಲ. ಪ್ರಕಟಿಸೋದು ಬೇರೆ, ಪರಿಶೀಲಿಸೋದು ಬೇರೆ. ಪಡೆದವರ ಪಟ್ಟಿ ಸಂಕೇತ ಸಂಖ್ಯೆಯಲ್ಲಿರಲಿ, ಸಂಖ್ಯೆಗೂ ಹೆಸರಿಗೂ ಕೊಂಡಿ ಇರೋ ಪುಸ್ತಕ ಸುರಕ್ಷಿತ ದೇಶದಲ್ಲಿ, ಹಣ ಹಂಚದ ಬೇರೆ ಒಬ್ಬರ ಬಳಿ ಇರಲಿ. ಹೊರಗಿನ ಆಡಿಟರ್ ಅಲ್ಲಿಗೇ ಹೋಗಿ, ಕೆಲವನ್ನು ತಾನೇ ಆರಿಸಿ, ಆ ಜನರ ಜೊತೆ ಯಾವುದಾದರೂ ದಾರಿಯಲ್ಲಿ ಮಾತಾಡಿ ಖಚಿತ ಮಾಡಿಕೊಳ್ಳಲಿ. ಮುಖ್ಯ, ಪರಿಶೀಲನೆಗೆ ಯಾವ ಹೆಸರು ಆರಿಸಬೇಕು ಅನ್ನೋದನ್ನು ಸಂಸ್ಥೆ ಹೇಳಬಾರದು, ಆಡಿಟರ್ ಹೇಳಬೇಕು. ನಾನು ಸಂಘಗಳಿಗೆ ಹೋದಾಗ ಸೆಕ್ರೆಟರಿ 'ಇವರ ಮನೆಗೆ ಹೋಗಿ ಬನ್ನಿ ಸರ್' ಅಂತ ಒಂದು ಮನೆ ತೋರಿಸಿದರೆ, ನಾನು ಎದುರು ಮನೆ ಬಾಗಿಲು ತಟ್ಟುತ್ತಿದ್ದೆ.

ಜನಕ್ಕೆ ತೋರಿಸೋದು ಏನು ಅಂದರೆ: ಯಾರಿಂದ ಎಷ್ಟು ಬಂತು, ಗಡಿ ದಾಟಿ ಒಳಗೆ ಹೋದದ್ದು ಎಷ್ಟು, ಹೊರಗಡೆ ಕಚೇರಿಗೆ ಉಳಿದದ್ದು ಎಷ್ಟು, ಮೇಲಿನ ಪದಾಧಿಕಾರಿಗಳ ಸಂಬಳ ಎಷ್ಟು. ಇದರಲ್ಲಿ ಯಾರ ಪ್ರಾಣಕ್ಕೂ ಅಪಾಯ ಇಲ್ಲ. ಅಮೆರಿಕದ ಸರ್ಕಾರಿ ಖರ್ಚಿನ ವೆಬ್‌ಸೈಟಿನಲ್ಲಿ ಕೆಲವು ಕಡೆ ಪಡೆದವರ ಹೆಸರಿನ ಜಾಗದಲ್ಲಿ 'ಇತರೆ ವಿದೇಶಿ ಸ್ವೀಕೃತಿದಾರರು' ಅಂತ ಮಾತ್ರ ಇರುತ್ತೆ, ಮೊತ್ತ ಮತ್ತು ತಾರೀಕು ಇದ್ದೇ ಇರುತ್ತೆ. ಪೂರ್ತಿ ತೃಪ್ತಿ ಇಲ್ಲ, ಆದರೆ ಕ್ಯೂಬಾದ ಕಾಲಕ್ಕಿಂತ ವಾಸಿ.

ನಿನ್ನ ಓದಿಗೆ ಯಾವುದಾದರೂ ಒಂದು ಚಳವಳಿಯ ಆಡಿಟ್ ಮಾಡಿಸಿದ ವರದಿ ಸಿಕ್ಕಿದರೆ ಮುಂದಿನ ಅಂಕಿಅಂಶದ ಪುಟ ಬಿಟ್ಟುಬಿಡು, ಹಿಂದುಗಡೆಯ ಟಿಪ್ಪಣಿಗಳಿಂದ ಓದು. ಮುಂಗಡ ಕೊಟ್ಟು ವಸೂಲಾಗದ್ದು, ಸಂಬಂಧಿಕರ ಸಂಸ್ಥೆಗೆ ಕೊಟ್ಟದ್ದು, ವರ್ಷದ ಕೊನೇ ವಾರದಲ್ಲಿ ಆದ ಖರ್ಚು, ಎಲ್ಲಾ ಅಲ್ಲೇ ಇರುತ್ತೆ. ಅರ್ಥವಾಗದ ಸಾಲು ಇದ್ದರೆ ಇಲ್ಲೇ ಹಾಕು, ಮಧ್ಯಾಹ್ನ ನೋಡ್ತೀನಿ.